ಸೌತೆ ಬೀಜದ ಚೀಟಿ

ಟಿ. ದಾಸರಹಳ್ಳಿ
೧೯ ಜನವರಿ ೨೦೨೫, ಭಾನುವಾರ

ಚಿ. ಶಿವಾನಿಗೆ,

ನಿನ್ನ ಚಿಕ್ಕಮ್ಮನ ಆಶೀರ್ವಾದ. ಲಗ್ನಪತ್ರಿಕೆ ಕೈ ಸೇರಿ ಹತ್ತು ದಿನವಾದರೂ ಒಂದು ಮಾತು ಹೇಳಲಿಲ್ಲವೆಂದು ಬೇಸರಪಡಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಕುಂದಲಹಳ್ಳಿಗೆ ನಿನ್ನನ್ನು ನೋಡಲು ಬರುವ ನಿಮ್ಮಪ್ಪನ ಕೈಯಲ್ಲಿ ಚಟ್ನಿಪುಡಿಯ ಜೊತೆ ಈ ಕಾಗದ. ಪತ್ರಿಕೆಯಲ್ಲಿ ನನ್ನ ಹೆಸರು ಕಾಣದೆ ಒಂದು ಗಳಿಗೆ ಮನಸ್ಸು ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಸಮಾಧಾನವಾಯಿತು. ತೀರಿಕೊಂಡಿದ್ದರೂ ಹೆತ್ತವಳು ಶ್ಯಾಮಲಕ್ಕ, ಅವಳ ಹೆಸರು ಇರಲೇಬೇಕು.

ಪೀಣ್ಯದ ನಮ್ಮ ಫ್ಯಾಕ್ಟರಿಯ ಸುದ್ದಿ ಕೇಳು, ನಗುತ್ತೀಯ. ನಾವು ಕೈತೋಟದ ಬೀಜ ಪ್ಯಾಕ್ ಮಾಡುತ್ತೇವಲ್ಲ, ಈ ಸಲ ಚೀಟಿ ನೋಡುವ ಕೆಲಸಕ್ಕೆ ನನ್ನನ್ನು ಕೂರಿಸಿದರು. ಗಿಡದ ವೈಜ್ಞಾನಿಕ ಹೆಸರಿನ ಕೊನೆಗೆ ಸೌತೆಯ ಚೀಟಿಯಲ್ಲಿ ‘ಸಟೈವಸ್’, ಕೊತ್ತಂಬರಿಯದರಲ್ಲಿ ‘ಸಟೈವಮ್’, ಲೆಟ್ಯೂಸಿನದರಲ್ಲಿ ‘ಸಟೈವ’. ಒಂದೇ ಪದಕ್ಕೆ ಮೂರು ಬಾಲ. ಅಚ್ಚಿನವನು ಎಡವಟ್ಟು ಮಾಡಿದ್ದಾನೆಂದು ಆ ದಿನ ಹೊರಡಬೇಕಿದ್ದ ಮಾಲನ್ನೆಲ್ಲ ತಡೆಹಿಡಿದೆ, ನನ್ನ ಬುದ್ಧಿಗಿಷ್ಟು! ಕೃಷಿ ಓದಿದ ನಮ್ಮ ಸೂಪರ್‌ವೈಸರ್ ಶ್ರೀಕಾಂತ್ ಬೈಯಲಿಲ್ಲ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಹೇಳಿಕೊಟ್ಟ. ಅದು ಲ್ಯಾಟಿನ್ ಗುಣವಾಚಕವಂತೆ. ಜೊತೆಗಿರುವ ಗಿಡದ ಹೆಸರು ಗಂಡಾದರೆ ಒಂದು ಬಾಲ, ಹೆಣ್ಣಾದರೆ ಇನ್ನೊಂದು, ಎರಡೂ ಅಲ್ಲದಿದ್ದರೆ ಮತ್ತೊಂದು. ಅರ್ಥ ಮಾತ್ರ ಒಂದೇ. ಏನಪ್ಪಾ ಆ ಅರ್ಥ ಎಂದೆ.

“ಕಾಡಲ್ಲಿ ತಾನಾಗೇ ಹುಟ್ಟಿದ್ದಲ್ಲ ಅಂತ ಕಣಮ್ಮ. ಯಾರೋ ಬಿತ್ತಿ, ನೀರು ಹಾಕಿ ಬೆಳೆಸಿದ್ದು.”

ಅಲ್ಲೇ ಕಣ್ಣು ತುಂಬಿತು. ಬೀಜದ ಔಷಧಿಯ ಘಾಟು ಎಂದುಬಿಟ್ಟೆ. ನಿಮ್ಮಪ್ಪನ ಕೈಹಿಡಿದು ನಾನು ಈ ಮನೆಗೆ ಬಂದಾಗ ನಿನಗೆ ಆರು ವರ್ಷ. ಮೂರು ತಿಂಗಳು ನನ್ನಿಂದ ಜಡೆ ಹಾಕಿಸಿಕೊಳ್ಳಲಿಲ್ಲ ನೀನು, ಮೊಂಡಿ. ಆಮೇಲೆ ಬೇರೆ ಯಾರ ಕೈಗೂ ತಲೆ ಕೊಡಲಿಲ್ಲ. ಹೆತ್ತಿಲ್ಲವೆಂಬುದನ್ನು ನಾನು ಎಂದೂ ಮರೆತವಳಲ್ಲ. ಬೆಳೆಸಿದ್ದಕ್ಕೂ ಒಂದು ಪದವಿದೆಯೆಂದು ಕೇಳಿ ಖುಷಿಯಾಯಿತು, ಅಷ್ಟೇ. ತಡೆದಿಟ್ಟ ಮಾಲೆಲ್ಲ ಮಧ್ಯಾಹ್ನವೇ ಹೊರಟಿತು.

ಹಪ್ಪಳ ಒಣಗಿದೆ, ಬಳೆಗಾರನಿಗೂ ಹೇಳಿಯಾಯಿತು. ನಂದೀಶ್ ಒಳ್ಳೆಯ ಹುಡುಗ. ಇಬ್ಬರೂ ನಗುನಗುತ್ತಾ ನೂರು ಕಾಲ ಬಾಳಿ.

ನಿನ್ನ ಚಿಕ್ಕಮ್ಮ,
ಸುಬ್ಬಲಕ್ಷ್ಮಿ

ತಾ.ಕ.: ಧಾರೆಯನ್ನು ಸೋದರಮಾವ, ಅತ್ತೆ ಎರೆಯಲಿ, ಚಿಕ್ಕಮ್ಮ ಕೂರುವುದು ಬೇಡ ಎಂದಿದ್ದೀಯೆಂದು ನಿಮ್ಮಪ್ಪ ನಿನ್ನೆ ತಲೆ ತಗ್ಗಿಸಿಕೊಂಡು ಹೇಳಿದರು. ಆಗಲಿ, ಶ್ಯಾಮಲಕ್ಕನ ಅಣ್ಣನಿಗೂ ಆಸೆಯಿರುತ್ತದೆ. ಆ ಹೊತ್ತಿನಲ್ಲಿ ನಾನು ಎಲ್ಲಿ ನಿಂತಿರಬೇಕು, ಅದೊಂದನ್ನು ಹೇಳಿಬಿಡು ಮಗಳೇ. ನಿನ್ನ ಮುಖ ಕಾಣುವ ಜಾಗವಾದರೆ ಸಾಕು.