ಎರಡು ಲಿಪಿಗಳ ಮನೆ

ವೇಶಿ, ಯುನ್ನಾನ್
8 ಫೆಬ್ರವರಿ 1987

ನನ್ನ ಆಮಾ,

ನಿನ್ನ ಒಲೆಯ ಕೆಂಡ ಆರದಿರಲಿ, ನಿನ್ನ ಮಂಡಿ ಈ ಚಳಿಯಲ್ಲಿ ಕಾಡದಿರಲಿ.

ನೀನು ಕಳಿಸಿದ ಅಕ್ರೋಟು ಬಂತು, ಕಾಗದವೂ ಬಂತು. ಆ ಮನೆಯಲ್ಲಿ ನಿನ್ನ ಹಾಡು ನಿಂತುಹೋಯಿತೇ ಎಂದು ಕೇಳಿದ್ದೀಯ. ಇಲ್ಲ. ಭಾನುವಾರ ಬೆಳಿಗ್ಗೆ ಜೋಳ ಬೀಸುತ್ತಾ ಹಾಡುತ್ತೇನೆ. ನಮ್ಮ ಇಗರ್ಜಿಯ ನಾಲ್ಕು ಸ್ವರ ಒಬ್ಬಳ ಬಾಯಲ್ಲಿ ಹೊರಡುವುದಿಲ್ಲ. ಉಳಿದ ಮೂರನ್ನು ಬೆಟ್ಟದ ಆಚೆ ನೀವು ಹಾಡುತ್ತಿದ್ದೀರಿ ಅಂದುಕೊಳ್ಳುತ್ತೇನೆ.

ಆದರೆ ಸಂತೆಯವರ ಬಾಯಿಂದ ಕೇಳುವ ಮೊದಲು ಒಂದು ಸುದ್ದಿಯನ್ನು ನಾನೇ ಹೇಳಬೇಕು. ನೀನು ಕಲಿಸಿದ ಅಕ್ಷರಗಳಲ್ಲಿ ನಾನು ಮಾವನವರ ಆಕಾಶಪೂಜೆಯ ಹಾಡನ್ನು ಬರೆದೆ. ಪೂರ್ತಿ ಓದು, ಕೋಪ ಆಮೇಲೆ ಮಾಡಿಕೋ.

ಮಾವನವರ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಕೊಯ್ದು ತೆಗೆಯಬೇಕು, ಆಮೇಲೆ ತಿಂಗಳುಗಟ್ಟಲೆ ಮಾತಾಡಕೂಡದು ಎಂದರು ಡಾಕ್ಟರು. ಊರಿನ ಪೂಜೆ ಎದುರಿಗೇ ಇತ್ತು. ಹಾಡಬಲ್ಲವರು ಅವರೊಬ್ಬರೇ. ಅವರ ಲಿಪಿ ನಿನಗೆ ಗೊತ್ತಲ್ಲ, ಅವರ ಗುರು ಬಿದಿರಿನ ಮೇಲೆ ಕೊರೆದು ಮಾಡಿದ್ದು. ಒಂದೊಂದು ಸದ್ದಿಗೆ ಒಂದೊಂದು ಗುರುತು. ಕಲಿಯಲು ವರ್ಷಗಳೇ ಬೇಕು. ಈಗ ಅದನ್ನು ಓದಬಲ್ಲವರು ಮಾವನವರು, ಪಕ್ಕದ ಮನೆಯ ಆಪು ಅಜ್ಜ, ಇಬ್ಬರೇ. ಅಜ್ಜನಿಗೆ ಉಬ್ಬಸ. ಎರಡು ಸಾಲು ಹಾಡಿದರೆ ನಾಲ್ಕು ಸಾಲಿನಷ್ಟು ಕೆಮ್ಮುತ್ತಾರೆ.

ನಿನ್ನ ಅಳಿಯ ಆದೆಂಗನಿಗೆ ಅಪ್ಪನ ಲಿಪಿ ಬಾರದು. ನನ್ನ ಲಿಪಿ ಬರುತ್ತದೆ, ಹೋದ ವರ್ಷ ಕಲಿತ. ನಿನ್ನ ಕಾಗದಗಳನ್ನು ಓದುವ ಆಸೆಯಿಂದ ಕಲಿತ ಆಮಾ! ತನ್ನ ಬಗ್ಗೆ ನೀನು ಬರೆದಿದ್ದನ್ನೂ ಓದಿ ಎರಡು ದಿನ ಮುಖ ಊದಿಸಿಕೊಂಡಿದ್ದ.

ಹಾಗಾಗಿ ನಾನೇ ಬಾಯಿಬಿಟ್ಟೆ, "ಮಾವ, ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ. ನಿಮ್ಮ ಮಗ ಓದಲಿ."

ಅವರು ಚಿಲುಮೆ ಕೆಳಗಿಟ್ಟರು. "ಅದು ಯೇಸುವಿನ ಅಕ್ಷರ ಅಲ್ವೇನಮ್ಮ? ನಿಮ್ಮಮ್ಮ ಸುಮ್ನಿರ್ತಾಳಾ?"

"ಅವಳು ಬೈತಾಳೆ. ನೀವು ಹೇಳಿ."

ನಕ್ಕರು. ಆಸ್ಪತ್ರೆಗೆ ಹೊರಡುವವರೆಗೂ ದಿನಾ ಬಿಸಿಲಿಗೆ ಕೂತು ಹೇಳಿದರು. ಬರೆಯುವಾಗ ನಿನ್ನದೇ ನೆನಪು. ಕೆಂಪು ಪಡೆಯವರು ಹಾಡಿನ ಪುಸ್ತಕ ಸುಟ್ಟ ಕಾಲದಲ್ಲಿ ನೀನು ಕುಂಬಳಕಾಯಿಯ ಮೇಲೆ ಇದ್ದಿಲಿನಿಂದ ಅಕ್ಷರ ತಿದ್ದಿಸಿ, ಯಾರಾದರೂ ಬಂದರೆ ಲಂಗದ ಅಂಚಿನಿಂದ ಒರೆಸುತ್ತಿದ್ದೆ. ಅದೇ ಕಾಲದಲ್ಲಿ ಮಾವನವರೂ ತಮ್ಮ ಪುಸ್ತಕಗಳನ್ನು ಜೇನುಗೂಡಿನ ಮರದಲ್ಲಿ ಬಚ್ಚಿಟ್ಟಿದ್ದರಂತೆ. ಮುಟ್ಟಲು ಹೋದವರಿಗೆ ಜೇನು ಕಚ್ಚಿತಂತೆ.

ಮೊದಲ ದಿನದ್ದನ್ನು ಓದಿ ಹೇಳಿದಾಗ ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ನಾನು ಉಸಿರು ಎಳ್ಕೊಂಡಿದ್ದೂ ಅದರೊಳಗೆ ಇದೆಯಲ್ಲೇ."

ಪೂಜೆಯ ದಿನ ಪೈನ್ ಮರದ ಕೆಳಗೆ ಊರೆಲ್ಲ ಸೇರಿತ್ತು. ಆದೆಂಗ ಹಾಳೆ ಬಿಡಿಸಿದ್ದೇ ತಡ, ಕೆಳಗಿನ ಕೇರಿಯವನೊಬ್ಬ ಕೂಗಿದ, "ಲೋ, ಅದು ಇಗರ್ಜಿ ಬರಹ ಕಣೋ! ಅದರಲ್ಲಿ ಕರೆದ್ರೆ ಆಕಾಶ ಬರುತ್ತಾ? ಬೆಳೆ ಹಾಳಾದ್ರೆ ಯಾರು ಹೊಣೆ?" ಜನ ಗುಜುಗುಟ್ಟಿದರು. ಒಂದಿಬ್ಬರು ಕೋಳಿ ಎತ್ತಿಕೊಂಡು ಹೊರಟೇಬಿಟ್ಟರು. ನಾನು ಬೇಲಿಯ ಆಚೆ ನಿಂತಿದ್ದೆ. ನನ್ನಿಂದ ಈ ಮನೆಯ ಮರ್ಯಾದೆ ಹೋಯಿತು ಅಂದುಕೊಂಡೆ.

ಆಸ್ಪತ್ರೆಯಿಂದ ಬಂದಿದ್ದ ಮಾವನವರು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಎದ್ದರು. ಮಾತಾಡುವ ಹಾಗಿಲ್ಲ. ಕೋಲು ಹಿಡಿದು ಮಣ್ಣಿನ ಮೇಲೆ ತಮ್ಮ ಲಿಪಿಯಲ್ಲಿ ಏನೋ ಬರೆದರು. ಆಪು ಅಜ್ಜ ಬಗ್ಗಿ, ಕೆಮ್ಮಿ, ಗಟ್ಟಿಯಾಗಿ ಓದಿದರು: "ಆಕಾಶಕ್ಕೆ ಕಿವಿ ಇದೆ. ಅದು ಯಾವತ್ತೂ ನನ್ನ ಪುಸ್ತಕ ಇಣುಕಿ ನೋಡಿಲ್ಲ."

ಆದೆಂಗ ಓದತೊಡಗಿದ. ನಮ್ಮ ಲಿಪಿಯಲ್ಲಿ ಕೆಲವು ಅಕ್ಷರ ತಲೆಕೆಳಗಾಗಿಯೇ ಇರುತ್ತವಲ್ಲ, ಒಂದು ಕಡೆ ಅಂಥದೊಂದನ್ನು ನೆಟ್ಟಗೆ ಓದಿ, ಜೇನು ಬೇಡುವಲ್ಲಿ ಜಿಗಣೆ ಬೇಡಿಬಿಟ್ಟ. ಆ ಕೂಗಿದವನೇ ಹೊಟ್ಟೆ ಹಿಡಿದು ನಕ್ಕ. ಕೋಳಿ ಎತ್ತಿಕೊಂಡು ಹೋದವರೂ ನಗು ಕೇಳಿ ತಿರುಗಿ ಬಂದರು. ಮಧ್ಯಾಹ್ನದ ಹೊತ್ತಿಗೆ ಹಾಡು ಮುಗಿಯಿತು, ಒಂದು ಸಾಲೂ ಬಿಡದೆ.

ನಾನು ಕೈಮುಗಿಯಲಿಲ್ಲ, ಸಾರಾಯಿ ಮುಟ್ಟಲಿಲ್ಲ. ಯಾರೂ ಒತ್ತಾಯ ಮಾಡಲೂ ಇಲ್ಲ. ಮನೆಗೆ ಬಂದು ಮಾವನವರಿಗೆ ಗಂಜಿ ಕೊಟ್ಟಾಗ ಅವರು ನನ್ನ ತಲೆಯ ಮೇಲೆ ಕೈ ಇಟ್ಟರು, ಅಷ್ಟೆ.

ಆಮಾ, ಈ ಅಕ್ಷರ ಬಂದದ್ದು ದೇವರ ಮಾತಿಗಾಗಿ ಎಂದು ನೀನು ಹೇಳುತ್ತೀಯ. ನಾನು ಅದನ್ನು ಮರೆತಿಲ್ಲ. ಆದರೆ ಒಬ್ಬ ಮುದುಕನ ಧ್ವನಿ ಅದರೊಳಗೆ ಉಳಿದದ್ದಕ್ಕೆ ದೇವರು ಬೇಸರಪಟ್ಟಿರುತ್ತಾನೆ ಎಂದು ನನಗೆ ಅನ್ನಿಸುತ್ತಿಲ್ಲ. ಆ ರಾತ್ರಿ ಪ್ರಾರ್ಥನೆ ಮಾಡಿ ಚೆನ್ನಾಗಿ ನಿದ್ದೆ ಮಾಡಿದೆ. ಇಲ್ಲಿ ಸುಖವಾಗಿದ್ದೇನೆ.

ಮದುವೆಗೆ ನೀನು ಬರಲಿಲ್ಲ. ಹಿಮ ಕರಗಿ ಬೆಟ್ಟದ ದಾರಿ ತೆರೆದ ಮೇಲಾದರೂ ಬಾ. ಬೈಯುವುದಿದ್ದರೆ ಬಂದೇ ಬೈಯಿ.

ಬೆಟ್ಟದ ಈಚೆಗಿರುವ ನಿನ್ನ ಮಗಳು,
ಆಚಿಯಾ

ಕಾಗದ ಮಡಿಸಿದ ಮೇಲೆ: ಕೊನೆಯ ಮೂಲೆಯಲ್ಲಿ ಬಿದಿರ ಎಲೆಯಂಥ ಒಂದು ಗುರುತು ಇದೆ ನೋಡು, ಅದು ಮಾವನವರದ್ದು. ಅವರ ಹಾಡುಗಳಲ್ಲೆಲ್ಲೂ ತಾಯಿಯ ತಾಯಿ ಬರುವುದಿಲ್ಲವಂತೆ. ಹಾಗೆ ಕರೆಯುವ ಸದ್ದಿಗೆ ಗುರುತೇ ಇರಲಿಲ್ಲವಂತೆ. ನಿನ್ನೆ ಕೂತು ಹೊಸದಾಗಿ ಮಾಡಿದರು. ಜೋಳ ಮಾಗುವ ಹೊತ್ತಿಗೆ ಈ ಮನೆಯಲ್ಲಿ ಅದು ಬೇಕಾಗುತ್ತದೆ.