ನಾಲ್ಕನೇ ಕ್ಲಾಸಿನ ತಪ್ಪಿನ ಡಬ್ಬಿ

೯ ಜನವರಿ ೨೦೦೬, ಸೋಮವಾರ

ಇವತ್ತೂ ಭಾಗಾಕಾರ. ಅರ್ಧ ಕ್ಲಾಸಿಗೆ ಶೇಷ ಎಂದರೇನೆಂದೇ ತಲೆಗೆ ಹತ್ತಿಲ್ಲ. ಕೊನೆಯ ಪೀರಿಯಡ್‌ಗೆ ಕ್ರಿಶ್ಚಿಯನ್ ಮಕ್ಕಳು ಹನ್ನೊಂದು ಜನ ಚಾಪೆಲ್‌ಗೆ ಹೋದರು. ಮುಂದಿನ ತಿಂಗಳು ಚರ್ಚಿನಲ್ಲಿ ಅವರು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುತ್ತಾರೆ. ಅದಕ್ಕೂ ಮೊದಲು ಫಾದರ್ ಹತ್ತಿರ ಪಾಪನಿವೇದನೆ ಮಾಡಲು, ಅಂದರೆ ತಪ್ಪು ಹೇಳಿಕೊಂಡು ಕ್ಷಮೆ ಪಡೆಯಲು, ಕಲಿಯಬೇಕಂತೆ. ಉಳಿದ ಇಪ್ಪತ್ತಾರು ಮಂಗಗಳು ನನ್ನ ಪಾಲು. ಮಾರಲ್ ಸೈನ್ಸ್ ಪುಸ್ತಕ ಮುಗಿದು ವಾರವಾಯಿತು...

ಒಂದು ಉಪಾಯ ಹೊಳೆಯಿತು. ಬಿಸ್ಕೆಟ್ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ, ಮುಚ್ಚಳದಲ್ಲಿ ಸೀಳು ಮಾಡಿದೆ. ನಿಮ್ಮ ತಪ್ಪು ಬರೆದು ಹಾಕಿ, ಹೆಸರು ಬೇಡ, ಯಾರಿಗೂ ಹೇಳುವುದಿಲ್ಲ, ಶುಕ್ರವಾರ ಸುಟ್ಟುಬಿಡುತ್ತೇನೆ, ಅಲ್ಲಿಗೆ ತಪ್ಪು ಮುಗಿಯಿತು ಎಂದೆ. ಹೆಡ್‌ಮಿಸ್ ಸಿಸ್ಟರ್ ಫ್ಲೋರಿನ್ ‘ವೆರಿ ಗುಡ್, ವನಜಾ’ ಎಂದರು. ಎಂಟು ವರ್ಷದಲ್ಲಿ ಎರಡನೇ ಸಲ. ಹಿಗ್ಗಿ ಹೀರೇಕಾಯಿಯಾದೆ.

೧೩ ಜನವರಿ

ಓದಬಾರದಿತ್ತು. ಸುಡುವ ಮೊದಲು ಚೀಟಿಗಳನ್ನು ಸ್ಟಾಫ್‌ರೂಮಿನಲ್ಲಿ ಕೂತು ಓದಿದೆ. ‘ಅಜ್ಜನ ನಶ್ಯದ ಡಬ್ಬಿಗೆ ಮೆಣಸಿನಪುಡಿ ಹಾಕಿದೆ.’ ‘ದೇವರಿಗಿಂತ ಮೊದಲು ಪಂಚಕಜ್ಜಾಯ ತಿಂದೆ.’ ‘ವನಜಾ ಮಿಸ್ ಬರುವಾಗ ಎಮ್ಮೆ ಬಂತು ಎಂದೆ.’ ನಕ್ಕು ನಕ್ಕು ಸಾಕಾಯಿತು. ಎಮ್ಮೆ ಚೀಟಿ ಯಾರದೆಂದು ಗೊತ್ತು. ಬಿಟ್ಟೆ.

೧೮ ಜನವರಿ, ಸಂಜೆ

ಸಿಸ್ಟರ್ ಮೇಜಿನ ಡ್ರಾದಿಂದ ಬೆಳ್ಳಿ ಸರ ಕಾಣೆ. ಶಿಲುಬೆ ಪದಕದ ಸರ, ಕ್ರಿಶ್ಚಿಯನ್ ಮಕ್ಕಳ ಧರ್ಮಪಾಠದಲ್ಲಿ ಫಸ್ಟ್ ಬಂದವರಿಗೆಂದು ತರಿಸಿದ್ದು. ಆ ರೂಮು ಗುಡಿಸುವವಳು ಆಯಾ ಕರಿಯಕ್ಕ ಒಬ್ಬಳೇ. ಹದಿನಾಲ್ಕು ವರ್ಷದಿಂದ ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಾಳೆ. ಮಧ್ಯಾಹ್ನದೊಳಗೆ ಕೆಲಸದಿಂದ ತೆಗೆದರು.

‘ನನ್ ಚೀಲ ನೋಡ್ಕಳಿ ಸಿಸ್ಟರೇ’ ಎಂದು ವರಾಂಡದಲ್ಲೇ ಸುರಿದಳು. ಊಟದ ಡಬ್ಬಿ, ಎಲೆ ಅಡಿಕೆ, ಒಂದು ಬಾಚಣಿಗೆ. ಮಕ್ಕಳೆಲ್ಲ ಕಿಟಕಿಗೆ ಮುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆದೆ.

೨೦ ಜನವರಿ

‘ಸಿಸ್ಟರ್ ಡ್ರಾದಿಂದ ಸರ ತೆಗೆದೆ. ಹೆದರಿಕೆಯಾಗಿ ಸ್ಕೂಲ್ ಬಾವಿಗೆ ಹಾಕಿದೆ. ಕರಿಯಕ್ಕನನ್ನು ಬೈದರು. ನಾನು ಸುಮ್ಮನಿದ್ದೆ.’

ಹೆಸರಿಲ್ಲ. ಬೇಕಾಗಿಯೂ ಇಲ್ಲ. ಆ ಕೈಬರಹ ತಿದ್ದಿಸಿದವಳು ನಾನೇ. ನಿಶ್ಚಿತಾ. ನನ್ನ ಮಗಳು, ನನ್ನದೇ ಕ್ಲಾಸು, ಮೂರನೇ ಬೆಂಚು.

ಕೊನೆಯ ಪೀರಿಯಡ್‌ನಲ್ಲಿ ಎಲ್ಲ ಚೀಟಿ ಸುಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

೨೧ ಜನವರಿ

ಅಡಿಗೆಮನೆಯಲ್ಲಿ ಕೇಳಿದೆ. ಯಾಕೆ ತೆಗೆದೆ?

‘ಆ ಪ್ರೈಜ್ ನಮಗೆ ಯಾವತ್ತೂ ಕೊಡಲ್ವಲ್ಲ. ಚಾಪೆಲ್‌ಗೆ ಹೋಗೋ ಜಿನ್ಸಿಗಿಂತ ನಂಗೇ ಪ್ರಾರ್ಥನೆ ಚೆನ್ನಾಗಿ ಬಾಯಿಪಾಠ ಬರ್ತದೆ.’ ಆಮೇಲೆ ಸಮಾಧಾನವಾಗಿ: ‘ಬರ್ದು ಹಾಕಿದ್ನಲ್ಲ ಅಮ್ಮ. ಸುಟ್ಟೂ ಆಯ್ತು. ಮುಗೀತು ಅಂತ ನೀನೇ ಹೇಳಿದ್ಯಲ್ಲ?’

ಯಾರಿಗೂ ಹೇಳಬೇಡ ಎಂದೆ. ಅಪ್ಪನಿಗೂ.

ಹೇಳಿದರೆ ಅವಳ ಕೈಗೆ ಟಿ.ಸಿ., ನನಗೆ ಗೇಟು. ಮಾರಲ್ ಸೈನ್ಸ್ ಮಿಸ್ಸಿನ ಮಗಳೇ ಕಳ್ಳಿ ಎಂದು ಇಡೀ ಎನ್.ಆರ್. ಪುರ ಆಡಿಕೊಳ್ಳುತ್ತದೆ. ಹೇಳದಿದ್ದರೆ ಕರಿಯಕ್ಕ... ಅತ್ತ ದರಿ, ಇತ್ತ ಪುಲಿ. ಯಾರಿಗೂ ಹೇಳುವುದಿಲ್ಲವೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನಲ್ಲ — ಎಂಥ ಒಳ್ಳೆಯ ನೆಪ. ನಾಚಿಕೆಯಾಗುತ್ತದೆ.

೩೦ ಜನವರಿ

ಬಸ್‌ಸ್ಟ್ಯಾಂಡಿನಲ್ಲಿ ಕರಿಯಕ್ಕ. ಕೊಡೆ ಬಿಚ್ಚಿ ಮುಖ ಮರೆ ಮಾಡಿಕೊಂಡೆ. ಪಿ.ಟಿ. ಮಾಸ್ಟರ್ ಮಂಜಪ್ಪ ಹೇಳುತ್ತಿದ್ದರು, ‘ಪಾಪ ಮಾರಾಯ್ರೆ, ಕದ್ದವಳು ಅಂತ ಅಡಿಕೆ ಸುಲಿಯಕ್ಕೂ ಯಾರೂ ಕರೀತಿಲ್ವಂತೆ.’ ಹೌದಾ ಎಂದೆ, ಅಷ್ಟೇ.

೩ ಫೆಬ್ರವರಿ, ಶುಕ್ರವಾರ

ನಿಶ್ಚಿ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಇವತ್ತು ಬಾಯಿ ಬಿಟ್ಟಳು.

‘ಜಿನ್ಸಿ ಹೇಳಿದ್ಲು. ಫಾದರ್ ಹತ್ರ ಹೇಳಿದ್ರೆ ಸಾಲಲ್ವಂತೆ. ತಗೊಂಡಿದ್ದು ವಾಪಸ್ ಕೊಡ್ಬೇಕಂತೆ. ನಮ್ಮಿಂದ ಯಾರಿಗಾದ್ರೂ ಕೆಟ್ಟ ಹೆಸ್ರು ಬಂದಿದ್ರೆ ಅದನ್ನೂ ಸರಿ ಮಾಡ್ಬೇಕಂತೆ. ನಿನ್ ಡಬ್ಬೀಲಿ ಅದ್ಯಾಕಿಲ್ಲ ಅಮ್ಮ?’

ಯಾಕಿಲ್ಲ? ಅವರ ಪದ್ಧತಿಯನ್ನು ಚಾಪೆಲ್ ಹೊರಗಿನಿಂದ ನೋಡಿ ನಕಲು ಹೊಡೆದವಳು ನಾನು. ಹೇಳುವುದು, ಕ್ಷಮೆ — ಸುಲಭದ್ದು ಮಾತ್ರ ಕಂಡಿತ್ತು. ಕಷ್ಟದ್ದೊಂದು ಉಂಟೆಂದು ಕೇಳಿಯೂ ಇರಲಿಲ್ಲ. ಹತ್ತು ವರ್ಷದ ಮಕ್ಕಳಿಗೆ ಗೊತ್ತು.

೫ ಫೆಬ್ರವರಿ, ಭಾನುವಾರ ಸಂಜೆ

ಮುತ್ತಿನಕೊಪ್ಪಕ್ಕೆ ಹೋಗಿ ಬಂದೆವು.

‘ಎಂತ, ತಾಯಿ ಮಗಳು ಇಬ್ರೂ ಬಂದೀರಿ. ಕೂತ್ಕಳಿ ಮಿಸ್ಸೇ’ ಎಂದು ಕರಿಯಕ್ಕ ಚಾಪೆ ಹಾಸಿದಳು. ನಿಶ್ಚಿ ನಿಂತುಕೊಂಡೇ ಎಲ್ಲ ಹೇಳಿದಳು, ಬಿಕ್ಕಿ ಬಿಕ್ಕಿ. ಕರಿಯಕ್ಕ ಅವಳ ಕೈ ಹಿಡಿದು ಚಾಪೆ ಮೇಲೆ ಕೂರಿಸಿದಳು. ಆಮೇಲೆ, ‘ನಿಂಗೆ ಎಷ್ಟ್ ಸಲ ಜಡೆ ಹಾಕೀನಿ ಕೂಸೇ, ಒಂದ್ ಮಾತು ನನ್ ಹತ್ರ ಹೇಳಕ್ಕಾಗ್ಲಿಲ್ವಾ?’

ನಾಳೆ ಸಿಸ್ಟರಿಗೆ ಹೇಳುತ್ತೇವೆ ಎಂದೆ. ತಲೆಯಾಡಿಸಿದಳು.

‘ನಿಮಗ್ ಯಾವಾಗ ಗೊತ್ತಾತು ಮಿಸ್ಸೇ?’

‘ನಿನ್ನೆ.’

ಹೇಗೆ ಬಂತೋ ಬಾಯಿಗೆ. ಹದಿನಾರು ದಿನ ನುಂಗಿ ನಿನ್ನೆ ಎಂದೆ.

‘ನಿನ್ನೆ ಗೊತ್ತಾಗಿ ಇವತ್ತೇ ಬಂದ್ರಲ್ಲ’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ‘ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿ ಹಾಕ್ತಿದ್ರು.’ ಬೆಲ್ಲದ ಕಾಫಿ ಮಾಡಿಕೊಟ್ಟಳು. ಕುಡಿದೆ. ನಿಶ್ಚಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲೂ.

೬ ಫೆಬ್ರವರಿ, ಬೆಳಿಗ್ಗೆ ೮.೧೦

ಎಂಟೂವರೆಗೆ ಹೊರಡಬೇಕು. ಸಿಸ್ಟರ್ ಮುಂದೆ ಹೇಳುವುದನ್ನು ಒಮ್ಮೆ ಬರೆದುಕೊಳ್ಳೋಣ ಎಂದು ಕೂತೆ. ನಿಶ್ಚಿ ಯೂನಿಫಾರ್ಮ್ ಹಾಕಿ ಬಾಗಿಲಿಗೆ ಬಂದು ನಿಂತಿದ್ದಾಳೆ. ಅಳು ಗಿಳು ಏನೂ ಇಲ್ಲ.

‘ಅಮ್ಮ, ಸಿಸ್ಟರ್ ಕೇಳಿದ್ರೆ ನಿಂಗೆ ಮೊನ್ನೆ ಶನಿವಾರನೇ ಹೇಳಿದ್ದು ಅಂತೀನಿ. ತಡವರಿಸಲ್ಲ. ಕನ್ನಡಿ ಮುಂದೆ ಹೇಳ್ಕೊಂಡು ನೋಡ್ದೆ.’

ಬೇಡ ಎನ್ನಬೇಕು. ಈಗಲೇ, ಅವಳು ಕಾಯುತ್ತಿರುವಾಗಲೇ. ಬಾಯಿ ತೆರೆದೆ. ಜಾಣೆ ಎಂದು ಮನಸ್ಸಿನೊಳಗೆ ಯಾರೋ ಅಂದರು, ಅದು ನಾನೇ, ನಾನು ಇನ್ನೂ ಬೇಡ ಎಂದಿಲ್ಲ.