ಖಾಲಿ ಮನೆಯ ಶವರ್

ಮೂಗಿಗೆ ಕೊಳವೆ ಹಾಕಿಸಿಕೊಂಡ ಮೇಲೂ ಸುಳ್ಳು ಬಿಡದ ನನ್ನ ತಮ್ಮನಿಗೆ,

ಎದುರಿಗೆ ಬಂದು ಕೇಳಿದರೆ ನೀನು ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡುತ್ತೀಯ. ಅದಕ್ಕೇ ಈ ಕಾಗದ. ನರ್ಸ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕೆಮ್ಮು ಬಂದರೆ ನಿಲ್ಲಿಸಿ ಓದು, ಆದರೆ ಪೂರ್ತಿ ಓದು.

ಮೇಲಿನ ಮಹಡಿಯ ಮನೆ ಖಾಲಿಯಾದಾಗ ನಿನಗೆ ಕೀಲಿ ಕೊಟ್ಟವಳು ನಾನೇ. ಒಂದು ಕೋಣೆ ಬಾಡಿಗೆಗೆ ಕೊಟ್ಟು ಶುರುಮಾಡಿ ಮೂರು ಮನೆ ಮಾಡಿಕೊಂಡವಳು ನಾನು. ಬೀಗ ಹಾಕಿದ ಮನೆ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು. ಕೊಳಾಯಿ ರಿಪೇರಿಯವರು ನಮ್ಮಿಬ್ಬರನ್ನೂ ಬಚ್ಚಲಲ್ಲಿ ನಿಲ್ಲಿಸಿಕೊಂಡು ಹೇಳಿದ್ದರು. "ಪೈಪಲ್ಲಿ ನೀರು ನಿಂತ್ರೆ ಲೀಜಿಯೋನೆಲ್ಲ ಅಂತ ಒಂದು ಕ್ರಿಮಿ ಬೆಳೆಯುತ್ತೆ ಅಮ್ಮಾ. ಸಣ್ಣ ಹನಿಯಾಗಿ ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೇ ಕೈ ಹಾಕುತ್ತೆ. ವಾರವಾರ ಎಲ್ಲಾ ನಲ್ಲಿ ಬಿಡಿ. ಹೀಟರ್ ಸುಡೋ ಹಾಗೆ ಕಾಯ್ಲಿ, ಉಗುರುಬೆಚ್ಚಗೆ ಬೇಡ. ಶವರಿನ ತಲೆ ಬಿಚ್ಚಿಟ್ಟು, ಹನಿ ಹಾರದ ಹಾಗೆ ಬಕೆಟ್ಟಿಗೆ ಬಿಡಿ." ನೀನು ಕೀಲಿ ಜೇಬಿಗೆ ಹಾಕುತ್ತಾ ನಕ್ಕಿದ್ದೆ. "ಇದೂ ಒಂದು ಕೆಲಸಾನಾ ಅಕ್ಕಾ? ನಾನು ನೋಡ್ಕೋತೀನಿ."

ನೀನು ಹಾಗಂದಾಗಲೆಲ್ಲ ನನಗೆ ಒಳಗೊಳಗೇ ಅನುಮಾನ. ಕೇಳಿದಾಗ "ಬಿಟ್ಟೆ ಅಕ್ಕಾ" ಅನ್ನುತ್ತಿದ್ದೆ. ಯಾವ ನಲ್ಲಿ ಅಂದರೆ "ಎಲ್ಲಾನೂ". ಮಾಡಿದವನು ಬಿಡಿಬಿಡಿಯಾಗಿ ಹೇಳುತ್ತಾನೆ ಕಣೋ. ಅಡುಗೆಮನೆ ನಲ್ಲಿ ಬಿಗಿಯಾಗಿತ್ತು, ಬಚ್ಚಲಲ್ಲಿ ಮೊದಲು ಕೆಂಪು ನೀರು ಬಂತು, ಹೀಗೆ. ನಿನ್ನ "ಎಲ್ಲಾನೂ" ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ನಿನ್ನ ಹೆಂಡತಿ ಬಂದಳು. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, "ಅತ್ತಿಗೆ, ಇವ್ರು ಕೆಲ್ಸ ಮುಗಿಸಿ ಬಂದಾಗ ಮೈಮೇಲೆ ಮರದ ಪುಡೀನೇ ಇರಲ್ಲ. ನಮ್ಮನೇದಲ್ಲದ ಸೋಪಿನ ವಾಸನೆ. ನಿಮಗೇನಾದ್ರೂ ಗೊತ್ತಾ?" ಅಂದಳು. ಬಡಗಿಯ ತಲೆಯಲ್ಲಿ ಮರದ ಹೊಟ್ಟು ಇಲ್ಲವೆಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ನನಗೂ ಕಿವಿ ನೆಟ್ಟಗಾಯಿತು. ಕೀಲಿ ನಿನ್ನ ಹತ್ತಿರ, ಮನೆ ಖಾಲಿ, ಸೋಪು ಬೇರೆ. ಕೂಡಿಸಿದರೆ ಏನು ಬರಬೇಕೋ ಅದೇ ಬಂತು. ಕೇಳೋಣ ಅಂದುಕೊಳ್ಳುವಷ್ಟರಲ್ಲಿ ನೀನು ಜ್ವರದಲ್ಲಿ ನಡುಗುತ್ತಾ ಇಲ್ಲಿ ಮಲಗಿದೆ.

ಡಾಕ್ಟರು ನಿನ್ನನ್ನು ಕೇಳಿದ್ದನ್ನು ಪರದೆಯ ಆಚೆಯಿಂದ ನಾನೂ ಕೇಳಿಸಿಕೊಂಡೆ. ಎಲ್ಲಾದರೂ ಮುಚ್ಚಿದ್ದ ಮನೆಯಲ್ಲಿ, ಹೋಟೆಲಿನಲ್ಲಿ ಶವರ್ ಬಳಸಿದಿರಾ ಅಂದರು. ನೀನು ಇಲ್ಲ ಎಂದು ತಲೆಯಾಡಿಸಿದೆ. ಬೇಗ ಆಡಿಸಿದೆ, ಅದೇ ತಪ್ಪಾಯಿತು. ನಿಜ ಹೇಳುವವನು ಅರೆಗಳಿಗೆ ಯೋಚಿಸುತ್ತಾನೆ.

ಇವತ್ತು ಬೆಳಿಗ್ಗೆ ನನ್ನ ಹತ್ತಿರವಿದ್ದ ಇನ್ನೊಂದು ಕೀಲಿ ತೆಗೆದುಕೊಂಡು ಹೋದೆ. ಪತ್ತೇದಾರಳ ಹಾಗೆ ಹುಡುಕಿದೆ, ನಾಚಿಕೆಯಿಲ್ಲದೆ. ಅಡುಗೆಮನೆ ಸಿಂಕಿನಲ್ಲಿ ಧೂಳು, ಅದರ ಮೇಲೆ ಒಂದು ಸತ್ತ ನೊಣ. ಆ ನಲ್ಲಿ ನೀರು ಕಂಡು ಎಷ್ಟು ಕಾಲವಾಗಿತ್ತೋ. ಬಚ್ಚಲಲ್ಲಿ ಮಾತ್ರ ನೀನು ಸಂಸಾರ ಹೂಡಿದ್ದೆ. ಮೊಳೆಗೆ ಒಂದು ಟವೆಲ್ಲು. ಗಂಧದ ಸೋಪು. ಬಾಚಣಿಗೆಯಲ್ಲಿ ನಿನ್ನದೇ ನರೆಗೂದಲು, ಒಂದೆರಡು ಚೂರು ಮರದ ಹೊಟ್ಟು. ಇನ್ನೊಬ್ಬಳ ಪಿನ್ನಾದರೂ ಸಿಗುತ್ತದೆಂದು ಬಾಗಿಲ ಹಿಂದೆಯೂ ನೋಡಿದೆ. ಸಿಗಲಿಲ್ಲ. ನಿಜ ಹೇಳಲಾ, ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಹೀಟರ್ ನೋಡಿದೆ. ಮುಳ್ಳು ಉಗುರುಬೆಚ್ಚಗಿನ ಗುರುತಿನಲ್ಲಿ ನಿಂತಿತ್ತು. ಶವರಿನ ತಲೆ ಅದರ ಜಾಗದಲ್ಲೇ ಇತ್ತು. ಅಲ್ಲಿಂದ ನೇರ ಆಸ್ಪತ್ರೆಗೆ ಓಡಿಬಂದೆ.

ನಿನ್ನ ತಲೆ ಹೇಗೆ ಓಡಿರುತ್ತದೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಓಣಿಗೆಲ್ಲ ಒಂದೇ ನಲ್ಲಿ ಇದ್ದ ಕಡೆ ಬೆಳೆದವರು ನಾವು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ಅಂಗಳ. ಅಂಥವನಿಗೆ ನೀರನ್ನು ಸುಮ್ಮನೆ ಮೋರಿಗೆ ಬಿಟ್ಟು ನಿಂತು ನೋಡು ಅಂದರೆ ಕೈ ಬರುತ್ತದೆಯೇ? ಹೇಗೂ ಬಿಡಬೇಕಲ್ಲ, ಸ್ನಾನವನ್ನೇ ಮಾಡಿದರಾಯಿತು ಅಂದುಕೊಂಡೆ ನೀನು. ಅಕ್ಕನ ಕರೆಂಟ್ ಬಿಲ್ ಉಳಿಯಲಿ ಅಂತ ಹೀಟರನ್ನೂ ಇಳಿಸಿದೆ. ಆ ದೊಡ್ಡ ಬೀರುವಿನ ಕೆಲಸ ಹಿಡಿದಾಗ ವಾರಗಟ್ಟಲೆ ಆ ಕಡೆ ತಲೆ ಹಾಕಿರಲಿಕ್ಕಿಲ್ಲ. ಮುಗಿದ ಮೇಲೆ ಹೋಗಿ, ಅಷ್ಟು ದಿನ ನಿಂತ ನೀರಿನ ಕೆಳಗೆ ಬಾಯಿ ತೆರೆದು ನಿಂತಿರುತ್ತೀಯ. ನಿನ್ನ ಮನೆಯಲ್ಲಿ ಬಚ್ಚಲಿಗೆ ಹೊಕ್ಕರೆ ಸಾಕು, ಮಕ್ಕಳು ಬಾಗಿಲು ಬಡಿಯುತ್ತಾರೆ, ನಿನ್ನ ಅತ್ತೆ ಆಚೆಯಿಂದ ಕೆಮ್ಮುತ್ತಾರೆ. ಯಾರೂ ಕರೆಯದ ಕಡೆ ಒಂದು ಸ್ನಾನ. ಅಷ್ಟೇ ತಾನೇ ನೀನು ಕದ್ದದ್ದು?

ಡಾಕ್ಟರಿಗೆ ಎಲ್ಲ ಹೇಳಿದೆ. ಪರೀಕ್ಷೆಗೆ ಕಳಿಸಿದ್ದಾರೆ, ಉತ್ತರ ಬರುವುದು ತಡ. "ಈಗ ಕೊಡ್ತಿರೋ ಔಷಧಿ ಆ ಕ್ರಿಮಿಗೆ ನಾಟಲ್ಲ. ಆದ್ರೆ ನಿಮ್ದು ಬರೀ ಊಹೆ, ಅವ್ರು ಇಲ್ಲ ಅಂತಿದಾರೆ. ಇನ್ನೊಂದ್ಸಲ ಕೇಳ್ತೀನಿ, ಹೌದಂದ್ರೆ ಔಷಧಿ ಬದಲಿಸ್ತೀನಿ" ಅಂದರು. ನಿನ್ನ ಆಮ್ಲಜನಕದ ಅಂಕಿ ನಿನ್ನೆಗಿಂತ ಇಳಿದಿದೆ. ಅವರು ಅದನ್ನು ನಿನಗೆ ಹೇಳಿಲ್ಲ, ನಾನು ಹೇಳುತ್ತಿದ್ದೇನೆ.

ನಿನ್ನ ಹೆಂಡತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ, ಅವಳಿಗೂ ತಿಳಿಸಿಯಾಯಿತು. ಬೇರೆ ಯಾರೂ ಇಲ್ಲ ಕಣಮ್ಮಾ, ಬರೀ ಬಚ್ಚಲು ಅಂದೆ. ಬಹಳ ಹೊತ್ತು ಅತ್ತಳು. ಮೂಗು ಒರೆಸಿಕೊಂಡು, "ಒಂದಿನ ನನ್ನನ್ನೂ ಕರ್ಕೊಂಡು ಹೋಗಬಾರದಿತ್ತಾ, ನನ್ನ ಬಾಗಿಲೂ ಬಡೀತಾರಲ್ಲ" ಅಂದಳು.

ಡಾಕ್ಟರು ಸಂಜೆಯ ರೌಂಡ್ಸಿಗೆ ಬರುತ್ತಾರೆ. ಮಾತು ಬೇಡ, ಉಸಿರು ಖರ್ಚು ಮಾಡಬೇಡ. ಹೌದು ಎಂದು ಒಮ್ಮೆ ತಲೆಯಾಡಿಸು. ನಾನು ಪರದೆಯ ಸಂದಿಯಿಂದ ನೋಡುತ್ತಿರುತ್ತೇನೆ.

ನಿನ್ನ ಎದೆ ತಿಳಿಯಾಗಲಿ, ನೂರು ಕಾಲ ಬಾಳು.

ನಿನ್ನನ್ನು ಎಂದೂ ನಂಬದ, ಎಂದೂ ಬಿಟ್ಟುಕೊಡದ
ಅಕ್ಕ